ಸೀನಿನ ಕಾಲಕ್ಕೆ ಕಷಾಯವೊಂದೇ ಸಾಕೇ?

ಕೆಲವು ವರ್ಷಗಳ ಹಿಂದಿನ ಮಾತು. ಅಂದು ಅಕ್ಟೋಬರ್ 2, ಗಾಂಧಿ ಜಯಂತಿ. ನಮ್ಮ ಪ್ರೌಢಶಾಲೆಯ ಮೈದಾನದ ಅಂಚಿನಲ್ಲಿ ಪಾರ್ಥೇನಿಯಂ ಗಿಡ ಸೊಂಟದೆತ್ತರಕ್ಕೆ ಬೆಳೆದು ಬೆಳ್ಳಗೆ ಹೂ ಬಿಟ್ಟಿತ್ತು. ಭಜನೆ, ಭಾಷಣ ಮುಗಿದ ಮೇಲೆ ಶ್ರಮದಾನ. ವಿಜ್ಞಾನದ ಮೇಷ್ಟ್ರಾದ ನನ್ನದೇ ಮುಂದಾಳತ್ವ. ಹತ್ತನೇ ತರಗತಿಯ ಮಕ್ಕಳು ಮಧ್ಯಾಹ್ನದವರೆಗೂ ಬರಿಗೈಯಲ್ಲಿ ಗಿಡ ಕಿತ್ತು ರಾಶಿ ಹಾಕಿದರು. ಅವರಲ್ಲೊಬ್ಬ ಹುಡುಗ ಒಂದೇ ಸಮನೆ ಸೀನುತ್ತಿದ್ದ. ಒಂಬತ್ತು, ಹತ್ತು, ಹನ್ನೊಂದು ಎಂದು ಉಳಿದವರು ಎಣಿಸಿ ನಗುತ್ತಿದ್ದರು. ನಾನೂ ನಕ್ಕೆ.

ಆ ರಾತ್ರಿ ಒಂಬತ್ತರ ಹೊತ್ತಿಗೆ ಅವನ ತಂದೆ ನಮ್ಮ ಮನೆಯ ಬಾಗಿಲು ಬಡಿದರು. ನಮ್ಮ ಬೀದಿಯವರೇ. "ಸಾರ್, ಹುಡುಗನಿಗೆ ಉಸಿರೇ ಎಳೆಯೋಕೆ ಆಗ್ತಿಲ್ಲ. ಎರಡು ಸಲ ಕಷಾಯ ಕೊಟ್ಟಿದ್ದಾಯ್ತು" ಎಂದರು. ಆಟೋದಲ್ಲಿ ತಾಲ್ಲೂಕು ಆಸ್ಪತ್ರೆಗೆ ಕರೆದೊಯ್ದೆವು. ಆಮ್ಲಜನಕ ಕೊಟ್ಟು, ನೆಬ್ಯುಲೈಸರ್ ಹಾಕಿದರು. ಬೆಳಗಿನ ಜಾವಕ್ಕೆ ಹುಡುಗನ ಉಸಿರು ಹದಕ್ಕೆ ಬಂತು. ಹಳೆಯ ಚೀಟಿ ನೋಡಿದ ವೈದ್ಯರು, "ಇವನಿಗೆ ಆಗಲೇ ಇನ್‌ಹೇಲರ್ ಬರೆದುಕೊಟ್ಟಿದ್ದಾರಲ್ಲ, ಎಲ್ಲಿ ಅದು?" ಎಂದು ಕೇಳಿದರು. ತಂದೆ ನನ್ನ ಮುಖ ನೋಡಿದರು.

ಆರು ತಿಂಗಳ ಹಿಂದೆ ಅವರು ನನ್ನನ್ನು ಕೇಳಿದ್ದಾಗ ನಾನೇ ಹೇಳಿದ್ದೆ: "ಅದೆಲ್ಲ ಅಭ್ಯಾಸವಾಗಿಬಿಡುತ್ತೆ ಕಣ್ರೀ. ತುಳಸಿ, ಮೆಣಸು, ಶುಂಠಿ ಹಾಕಿ ಕಷಾಯ ಕೊಡಿ, ಸಾಕು." ಮೇಷ್ಟ್ರ ಮಾತೆಂದು ನಂಬಿ ಅವರು ಇನ್‌ಹೇಲರನ್ನು ಬೀರುವಿನಲ್ಲಿ ಇಟ್ಟಿದ್ದರು. ಅದರ ಡಬ್ಬಿಯನ್ನೂ ಒಡೆದಿರಲಿಲ್ಲ.

ನಾನು ವೈದ್ಯನಲ್ಲ, ವಿಜ್ಞಾನ ಪಾಠ ಹೇಳುವವನು. ಆದರೆ ಪಾಠದಲ್ಲಿ "ಪ್ರಯೋಗ ಮಾಡದೆ ನಂಬಬೇಡಿ" ಎನ್ನುವ ನಾನು ಮನೆಮದ್ದಿನ ವಿಷಯದಲ್ಲಿ ಆ ನಿಯಮವನ್ನೇ ಮರೆತಿದ್ದೆ. ಆ ರಾತ್ರಿಯ ನಂತರ ಈ ಬಗ್ಗೆ ಓದಿದೆ, ವೈದ್ಯರನ್ನು ಕೇಳಿದೆ. ಈ ಲೇಖನ ಮನೆಮದ್ದನ್ನು ಹೀಗಳೆಯುವುದಕ್ಕಲ್ಲ. ನಮ್ಮ ಮನೆಯಲ್ಲಿ ಇಂದಿಗೂ ಕಷಾಯ ಕುದಿಯುತ್ತದೆ. ಆದರೆ ಅದರ ಕೆಲಸ ಎಲ್ಲಿಯವರೆಗೆ, ಎಲ್ಲಿಂದ ಮುಂದೆ ಬೇರೆ ದಾರಿ ಹಿಡಿಯಬೇಕು ಎಂಬುದು ಮಕ್ಕಳಿಗೂ ಅವರ ತಂದೆ ತಾಯಿಗೂ ತಿಳಿದಿರಬೇಕು.

ಮೂಗಿನೊಳಗೆ ನಡೆಯುವುದೇನು?

ನಮ್ಮ ದೇಹಕ್ಕೆ ರೋಗಾಣುಗಳೊಡನೆ ಹೋರಾಡುವ ಕಾವಲು ಪಡೆಯಿದೆ. ಕೆಲವರಲ್ಲಿ ಈ ಪಡೆ ಪರಾಗ, ಧೂಳಿನಂಥ ನಿರುಪದ್ರವಿ ವಸ್ತುವನ್ನೂ ಶತ್ರುವೆಂದು ತಪ್ಪು ತಿಳಿಯುತ್ತದೆ. ಇದೇ ಅಲರ್ಜಿ. ಈ ಪದವನ್ನು 1906ರಲ್ಲಿ ಟಂಕಿಸಿದವರು ವಿಯೆನ್ನಾದ ಮಕ್ಕಳ ವೈದ್ಯ ಕ್ಲೆಮೆನ್ಸ್ ಫಾನ್ ಪಿರ್ಕೆ.

ಮೊದಲ ಭೇಟಿಯಲ್ಲಿ ಹೊರಗೆ ಏನೂ ಕಾಣಿಸುವುದಿಲ್ಲ. ಒಳಗೆ ಮಾತ್ರ ದೇಹ ಆ ವಸ್ತುವಿಗೆಂದೇ 'ಐಜಿಇ' ಎಂಬ ಪ್ರತಿಕಾಯವನ್ನು ತಯಾರಿಸುತ್ತದೆ. ಅದು ಮೂಗು, ಕಣ್ಣು, ಶ್ವಾಸನಾಳಗಳ ಒಳಪದರದಲ್ಲಿರುವ ಮಾಸ್ಟ್ ಕೋಶಗಳ ಮೇಲೆ ಹೋಗಿ ಕೂರುತ್ತದೆ. ಮುಂದಿನ ಸಲ ಅದೇ ಪರಾಗ ಬಂದಾಗ ಮಾಸ್ಟ್ ಕೋಶಗಳು ತಮ್ಮಲ್ಲಿರುವ ಹಿಸ್ಟಮೀನ್ ಮೊದಲಾದ ರಾಸಾಯನಿಕಗಳನ್ನು ಹೊರಚೆಲ್ಲುತ್ತವೆ. ಕೆಲವೇ ನಿಮಿಷಗಳಲ್ಲಿ ತುರಿಕೆ, ಸೀನು, ನೀರಿಳಿಯುವ ಮೂಗು. ಐಜಿಇಯನ್ನು 1966ರಲ್ಲಿ ಗುರುತಿಸಿದವರು ಅಮೆರಿಕದಲ್ಲಿ ಕೆಲಸ ಮಾಡುತ್ತಿದ್ದ ಜಪಾನಿನ ಇಶಿಝಾಕಾ ದಂಪತಿ. ಮರುವರ್ಷವೇ ಸ್ವೀಡನ್ನಿನ ವಿಜ್ಞಾನಿಗಳೂ ಅದನ್ನು ಸ್ವತಂತ್ರವಾಗಿ ಕಂಡುಕೊಂಡರು.

ಕಥೆ ಇಲ್ಲಿಗೇ ಮುಗಿಯುವುದಿಲ್ಲ. ಕೆಲವು ಗಂಟೆಗಳ ನಂತರ ಎರಡನೆಯ ಅಲೆ ಬರುವುದುಂಟು. ಆಗ ಒಳಪದರ ಊದಿಕೊಂಡು ಮೂಗು ಕಟ್ಟುತ್ತದೆ, ಶ್ವಾಸನಾಳಗಳು ಸಂಕುಚಿತವಾಗಿ ಉಬ್ಬಸ ಏಳುತ್ತದೆ. ಹಗಲಿನ ಶ್ರಮದಾನಕ್ಕೆ ರಾತ್ರಿಯ ಉಬ್ಬಸ ಹೇಗೆ ಉತ್ತರವಾಯಿತು ಎಂಬುದು ನನಗೆ ಅರ್ಥವಾದದ್ದು ಇದನ್ನು ಓದಿದ ಮೇಲೆ. ಮೂಗು, ಶ್ವಾಸನಾಳ ಬೇರೆ ಬೇರೆ ಮನೆಗಳಲ್ಲ, ಒಂದೇ ದಾರಿಯ ಎರಡು ತುದಿಗಳು. ಮೂಗಿನ ಅಲರ್ಜಿಯನ್ನು ಬರೀ ನೆಗಡಿಯೆಂದು ಅಲಕ್ಷಿಸಬಾರದು ಎನ್ನುವುದು ಇದಕ್ಕೇ.

ನೆಗಡಿಯೋ, ಅಲರ್ಜಿಯೋ?

ನೆಗಡಿ ವೈರಸ್‌ನಿಂದ ಬರುತ್ತದೆ, ಒಬ್ಬರಿಂದ ಒಬ್ಬರಿಗೆ ಹರಡುತ್ತದೆ, ಸಾಮಾನ್ಯವಾಗಿ ವಾರ, ಹತ್ತು ದಿನದಲ್ಲಿ ಹೋಗುತ್ತದೆ. ಮೈಕೈ ನೋವು, ಸಣ್ಣ ಜ್ವರವೂ ಇರಬಹುದು. ಅಲರ್ಜಿಯಲ್ಲಿ ಜ್ವರವಿಲ್ಲ. ಸೀನು ಸಾಲು ಸಾಲಾಗಿ ಬರುತ್ತದೆ, ಸುರಿಯುವುದು ತಿಳಿನೀರು. ಕಣ್ಣು, ಮೂಗು, ಅಂಗುಳಿನಲ್ಲಿ ತುರಿಕೆ ಇರುತ್ತದೆ. ವಾರಗಟ್ಟಲೆ ಮುಂದುವರಿಯುತ್ತದೆ, ಪ್ರತಿವರ್ಷ ಅದೇ ಕಾಲಕ್ಕೆ ಮರಳುತ್ತದೆ. ಮಗು ಅಂಗೈಯಿಂದ ಮೂಗಿನ ತುದಿಯನ್ನು ಪದೇ ಪದೇ ಮೇಲಕ್ಕೆ ಉಜ್ಜುತ್ತಿದ್ದರೆ, ಕಣ್ಣ ಕೆಳಗೆ ಕಪ್ಪಾಗಿದ್ದರೆ ಅಲರ್ಜಿಯ ಅನುಮಾನ ಪಡಬಹುದು. ಇದಕ್ಕೆ ಆಂಟಿಬಯಾಟಿಕ್ ಕೆಲಸ ಮಾಡುವುದಿಲ್ಲ. ಅಂಗಡಿಯಿಂದ ನೀವೇ ತಂದು ನುಂಗಿಸಬೇಡಿ.

ಯಾವ ಋತುವಿಗೆ ಯಾವ ಅಪರಾಧಿ?

'ಮನೆ ಮುಂದಿನ ಹೊಂಗೆ ಮರ ಹೂ ಬಿಟ್ಟಾಗಲೆಲ್ಲ ಮಗಳಿಗೆ ಸೀನು, ಕಡಿಸಿಬಿಡಲೇ?' ಎಂದು ಕೇಳಿದವರಿದ್ದಾರೆ. ದಯವಿಟ್ಟು ಕೊಡಲಿ ಎತ್ತುವ ಮುನ್ನ ಪರಾಗಸ್ಪರ್ಶದ ಪಾಠ ನೆನಪಿಸಿಕೊಳ್ಳಿ. ಬಣ್ಣ, ಪರಿಮಳ, ಮಕರಂದವಿರುವ ಹೂಗಳು ಹೆಚ್ಚಾಗಿ ಕೀಟಗಳನ್ನು ನಂಬಿದಂಥವು. ಅವುಗಳ ಪರಾಗ ಭಾರ, ಅಂಟಂಟು. ಗಾಳಿಯಲ್ಲಿ ದೂರ ಹಾರುವುದಿಲ್ಲ. ನಮ್ಮ ಮೂಗಿಗೆ ಹೆಚ್ಚು ಕಾಟ ಕೊಡುವುದು ಗಾಳಿಯನ್ನು ನಂಬಿದ, ಕಣ್ಣಿಗೂ ಬೀಳದ ಹೂಗಳ ಹಗುರ ಪರಾಗ: ಹುಲ್ಲು, ದಂಟಿನ ಜಾತಿಯ ಕಳೆಗಳು, ಹರಳು, ಗಾಳಿಮರ.

ಪಾರ್ಥೇನಿಯಂನದು ಬೇರೆಯೇ ಕಥೆ. ಮೂಲತಃ ಅಮೆರಿಕ ಖಂಡದ ಈ ಗಿಡ ನಮ್ಮ ದೇಶದಲ್ಲಿ ಜನರ ಗಮನಕ್ಕೆ ಬಂದದ್ದು 1950ರ ದಶಕದಲ್ಲಿ, ಪುಣೆಯಲ್ಲಿ. ಆಮದಾದ ಗೋಧಿಯ ಜೊತೆ ಬಂತೆಂದು ಹೇಳುತ್ತಾರೆ. ನಮ್ಮಲ್ಲಿ 'ಕಾಂಗ್ರೆಸ್ ಗಿಡ' ಎಂದೇ ಹೆಸರಾಯಿತು. ಒಂದೊಂದು ಗಿಡವೂ ಸಾವಿರಗಟ್ಟಲೆ ಬೀಜ ಉದುರಿಸುತ್ತದೆ. ಮೂಗಿನ ಅಲರ್ಜಿಯಿದ್ದ ರೋಗಿಗಳನ್ನು ಚರ್ಮ ಪರೀಕ್ಷೆಗೆ ಒಳಪಡಿಸಿದಾಗ ಅವರಲ್ಲಿ ಸುಮಾರು ಮೂರನೇ ಒಂದು ಭಾಗದವರ ಮೈ ಪಾರ್ಥೇನಿಯಂ ಪರಾಗಕ್ಕೆ ಪ್ರತಿಕ್ರಿಯಿಸಿತೆಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು 1991ರಲ್ಲಿ ವರದಿ ಮಾಡಿದ್ದರು. ಇದನ್ನು ತಿನ್ನುವ ಮೆಕ್ಸಿಕೋದ ಜೀರುಂಡೆಯನ್ನು 1984ರಲ್ಲಿ ಬೆಂಗಳೂರಿನಲ್ಲಿ ಬಿಡಲಾಯಿತು. ಅದು ಎಲೆ ತಿಂದು ಗಿಡವನ್ನು ಸೊರಗಿಸುತ್ತದೆ, ಆದರೂ ಗಿಡ ನಿರ್ಮೂಲವಾಗಿಲ್ಲ. ಕೀಳುವುದಾದರೆ ಹೂ ಬಿಡುವ ಮುನ್ನ, ಮಳೆ ಬಿದ್ದು ನೆಲ ಹಸಿಯಿರುವಾಗ, ಕೈಗವಸು ಹಾಕಿ, ಮೂಗು ಬಾಯಿ ಮುಚ್ಚಿಕೊಂಡು ಕೀಳಬೇಕು. ಅಲರ್ಜಿ, ಉಬ್ಬಸ ಇರುವ ಮಕ್ಕಳನ್ನು ಆ ಕೆಲಸಕ್ಕೆ ಕರೆಯಲೇಬಾರದು. ಈ ಮೂರು ನಿಯಮಗಳನ್ನೂ ನಾನು ಒಂದೇ ದಿನ ಮುರಿದಿದ್ದೆ.

ನಮ್ಮ ಬಯಲುಸೀಮೆಯ ಕಡೆ ಸ್ಥೂಲವಾಗಿ ಹೀಗೆ ಲೆಕ್ಕ ಹಾಕಬಹುದು. ಮಳೆಗಾಲದಲ್ಲಿ ಗೋಡೆಯ ಬೂಷ್ಟು ಮತ್ತು ಹಾಸಿಗೆಯ ನುಸಿ. ಮಳೆ ಹಿಂದೆಗೆದ ಮೇಲೆ ಹುಲ್ಲು ಮತ್ತು ಪಾರ್ಥೇನಿಯಂ. ಸುಗ್ಗಿಯಲ್ಲಿ ಒಕ್ಕಣೆಯ ಹೊಟ್ಟು, ಧೂಳು. ಶಿವರಾತ್ರಿಯಿಂದ ಯುಗಾದಿಯವರೆಗೆ ಒಣಗಾಳಿ, ಕೆಲವು ಮರಗಳ ಪರಾಗ. ದುರದೃಷ್ಟಕ್ಕೆ ಎಸ್ಸೆಸ್ಸೆಲ್ಸಿ ಮಕ್ಕಳ ಪರೀಕ್ಷಾ ತಯಾರಿಯೂ ಆಗಲೇ.

ನುಸಿಯೆಂದರೆ ತಿಗಣೆಯಲ್ಲ. ಬರಿಗಣ್ಣಿಗೆ ಕಾಣದ, ಮಿಲಿಮೀಟರಿನ ಮೂರನೇ ಒಂದು ಭಾಗದಷ್ಟಿರುವ ಎಂಟು ಕಾಲಿನ ಜೀವಿ. ಕಚ್ಚುವುದಿಲ್ಲ. ನಮ್ಮ ಚರ್ಮದಿಂದ ಉದುರುವ ಹೊಟ್ಟು ತಿಂದು ಹಾಸಿಗೆ, ದಿಂಬುಗಳಲ್ಲಿ ಬದುಕುತ್ತದೆ. ಅಲರ್ಜಿಗೆ ಮುಖ್ಯ ಕಾರಣ ಅದರ ಹಿಕ್ಕೆ. ಮನೆಯ ಧೂಳಿನ ಅಲರ್ಜಿಗೂ ನುಸಿಗೂ ಇರುವ ಸಂಬಂಧವನ್ನು 1964ರಲ್ಲಿ ನೆದರ್ಲೆಂಡ್ಸ್‌ನ ವಿಜ್ಞಾನಿಗಳು ತೋರಿಸಿಕೊಟ್ಟರು.

ಕಷಾಯವನ್ನು ಪರೀಕ್ಷೆಗೆ ಕೂರಿಸಿದರೆ

ಈಗ ನಮ್ಮ ಅಡುಗೆಮನೆಗೆ ಬರೋಣ. ಧನಿಯಾ, ಜೀರಿಗೆ, ಮೆಣಸು, ಶುಂಠಿ ಹಾಕಿದ ಬಿಸಿ ಕಷಾಯ ಕುಡಿದರೆ ಹಾಯೆನಿಸುವುದು ಸುಳ್ಳಲ್ಲ. 2008ರಲ್ಲಿ ಬ್ರಿಟನ್ನಿನ ಕಾರ್ಡಿಫ್‌ನಲ್ಲಿ ನೆಗಡಿಯಾದ 30 ಜನರಿಗೆ ಹಣ್ಣಿನ ಪಾನಕವನ್ನು ಬಿಸಿಯಾಗಿಯೂ ತಣ್ಣಗೂ ಕೊಟ್ಟು ನೋಡಿದರು. ಮೂಗಿನಲ್ಲಿ ಗಾಳಿ ಹರಿಯುವ ಪ್ರಮಾಣವನ್ನು ಅಳೆದಾಗ ಬದಲಾವಣೆ ಕಾಣಲಿಲ್ಲ. ಆದರೆ ಬಿಸಿ ಕುಡಿದವರು ಸೀನು, ಕೆಮ್ಮು, ಗಂಟಲುನೋವು ಕಡಿಮೆಯಾಯಿತೆಂದರು. ಅಂದರೆ ಕಷಾಯ ಕೊಡುವುದು ನೆಮ್ಮದಿ. ನೆಮ್ಮದಿಯೂ ದೊಡ್ಡದೇ. ಆದರೆ ಸಂಕುಚಿತವಾದ ಶ್ವಾಸನಾಳವನ್ನು ಅದು ತೆರೆಯಲಾರದು.

ಅರಿಸಿನ: ಇದರ ಹಳದಿ ಸಾರವಾದ ಕರ್ಕ್ಯುಮಿನ್ ಪ್ರಯೋಗಾಲಯದಲ್ಲಿ ಉರಿಯೂತವನ್ನು ತಗ್ಗಿಸುತ್ತದೆ. ತೊಂದರೆಯೆಂದರೆ, ಕರುಳು ಅದನ್ನು ಹೀರಿಕೊಳ್ಳುವುದು ಬಹಳ ಕಡಿಮೆ. ಮೆಣಸಿನ ಪೈಪರಿನ್ ಜೊತೆಗಿದ್ದರೆ ರಕ್ತಕ್ಕೆ ಸೇರುವ ಪ್ರಮಾಣ ಸುಮಾರು 20 ಪಟ್ಟು ಹೆಚ್ಚುತ್ತದೆಂದು 1998ರಲ್ಲಿ ತೋರಿಸಿದವರು ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಸಂಶೋಧಕರು. ಆದರೆ ಅವರು ಬಳಸಿದ್ದು 2 ಗ್ರಾಂ ಶುದ್ಧ ಕರ್ಕ್ಯುಮಿನ್. ಲೋಟ ಹಾಲಿಗೆ ಹಾಕುವ ಚಿಟಿಕೆ ಅರಿಸಿನದಲ್ಲಿ ಅದರ ಸಣ್ಣ ಅಂಶವೂ ಇರುವುದಿಲ್ಲ. ಅರಿಸಿನದ ಹಾಲು ಕುಡಿಯಿರಿ, ಪವಾಡ ನಿರೀಕ್ಷಿಸಬೇಡಿ.

ಆಡುಸೋಗೆ: ಇದು ಕಫ ಸಡಿಲಿಸುವ ಗಿಡವೆಂದು ಆಯುರ್ವೇದ ಹೇಳುತ್ತ ಬಂದಿದೆ. ಇದರಲ್ಲಿರುವ ವ್ಯಾಸಿಸಿನ್ ಎಂಬ ಕ್ಷಾರವನ್ನು ಆಧರಿಸಿಯೇ ಕೆಮ್ಮಿನ ಸಿರಪ್ಪುಗಳಲ್ಲಿರುವ ಬ್ರೋಮ್‌ಹೆಕ್ಸಿನ್ ಔಷಧ ರೂಪುಗೊಂಡಿತು. ಕಫಕ್ಕೆ ಸರಿ, ಆದರೆ ಅಲರ್ಜಿಯ ಮೂಲಕ್ಕೆ ಇದು ಮದ್ದಲ್ಲ. ಗರ್ಭಿಣಿಯರಿಗೆ ಕೊಡಬಾರದು.

ಅಮೃತಬಳ್ಳಿ: ನಾಗಪುರದ ವೈದ್ಯರು ಮೂಗಿನ ಅಲರ್ಜಿಯ 75 ರೋಗಿಗಳ ಮೇಲೆ 8 ವಾರ ಪರೀಕ್ಷಿಸಿ, 2005ರಲ್ಲಿ ಉತ್ತಮ ಫಲಿತಾಂಶ ಪ್ರಕಟಿಸಿದರು. ಆಶಾದಾಯಕ. ಆದರೆ ಅದೊಂದು ಚಿಕ್ಕ ಅಧ್ಯಯನ. ಇನ್ನೊಂದು ಕಡೆ, ಕೊರೋನಾ ಕಾಲದಲ್ಲಿ ಜನ ಇದನ್ನು ಮನಬಂದಂತೆ ಕುಡಿದಾಗ ಕೆಲವರಿಗೆ ಯಕೃತ್ತಿಗೆ ಹಾನಿಯಾದದ್ದನ್ನು ಮುಂಬಯಿಯ ವೈದ್ಯರು 2021ರಲ್ಲಿ ವರದಿ ಮಾಡಿದರು. ಅದನ್ನು ಹೋಲುವ ಬೇರೆ ಬಳ್ಳಿ ಬಳಸಿದ್ದರಿಂದ ಹಾಗಾಗಿರಬಹುದೆಂದು ಆಯುಷ್ ಇಲಾಖೆ ವಾದಿಸಿತು. ಯಾವುದೇ ನಿಜವಾದರೂ ಪಾಠ ಒಂದೇ: ಬೇಲಿಯಿಂದ ಕಿತ್ತದ್ದೆಲ್ಲ ಮದ್ದಲ್ಲ. ತಿಂಗಳುಗಟ್ಟಲೆ ಕುಡಿಯುವ ಮುನ್ನ ಓದಿದ ಆಯುರ್ವೇದ ವೈದ್ಯರನ್ನು ಕೇಳಿ.

ತುಳಸಿ, ದೊಡ್ಡಪತ್ರೆ: ಮಿತವಾಗಿ ಬಳಸಿದರೆ ಗಂಟಲಿಗೆ ಹಿತ. ಅಲರ್ಜಿ ಗುಣಪಡಿಸುತ್ತವೆ ಎನ್ನಲು ಮನುಷ್ಯರ ಮೇಲಿನ ಗಟ್ಟಿ ಪುರಾವೆ ಇಲ್ಲ. ಕಷಾಯಕ್ಕೆ ಸಿಹಿಗೆಂದು ಹಾಕುವ ಜೇಷ್ಠಮಧು ಅತಿಯಾದರೆ ರಕ್ತದೊತ್ತಡ ಏರಿಸುತ್ತದೆ. ಮನೆಯ ಹಿರಿಯರು ಗಮನಿಸಬೇಕು.

ಜೇನು: ಸ್ಥಳೀಯ ಜೇನಿನಲ್ಲಿ ಸ್ಥಳೀಯ ಪರಾಗವಿರುತ್ತದೆ, ತಿಂದರೆ ಮೈ ಒಗ್ಗುತ್ತದೆ ಎಂಬ ವಾದವಿದೆ. ಹೂಗಳ ಪಾಠ ಮತ್ತೆ ನೆನಪಿಸಿಕೊಳ್ಳಿ. ಜೇನುನೊಣ ತರುವುದು ಹೆಚ್ಚಾಗಿ ಭಾರದ ಪರಾಗ, ಸೀನು ತರಿಸುವುದು ಗಾಳಿಯ ಪರಾಗ. ಅಮೆರಿಕದಲ್ಲಿ ನಡೆದು 2002ರಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ ಜೇನಿನಿಂದ ಲಾಭ ಕಾಣಲಿಲ್ಲ. ಒಂದು ವರ್ಷದೊಳಗಿನ ಮಗುವಿಗಂತೂ ಜೇನು ನೆಕ್ಕಿಸಲೇಬಾರದು.

ಇನ್ನು ಉಗಿ. ಕುದಿಯುವ ಪಾತ್ರೆ ಮಗ್ಗುಲಾಗಿ ಮಕ್ಕಳು ಸುಟ್ಟುಕೊಂಡ ಉದಾಹರಣೆಗಳು ಸಾಕಷ್ಟಿವೆ. ದೊಡ್ಡವರು ತೆಗೆದುಕೊಳ್ಳಬಹುದು, ಚಿಕ್ಕ ಮಕ್ಕಳಿಗೆ ಬೇಡ. ನೀಲಗಿರಿ ತೈಲ, ಕರ್ಪೂರ ಹೊಟ್ಟೆಗೆ ಹೋದರೆ ವಿಷ. ಸಾಂಬ್ರಾಣಿ ಹೊಗೆ, ಓಮದ ಹೊಗೆ ಹಾಕಿದರೆ ಉಬ್ಬಸದ ಮಗುವಿಗೆ ಕಷ್ಟ ಹೆಚ್ಚೇ ಹೊರತು ಕಡಿಮೆಯಾಗದು.

ಮನೆಯಲ್ಲೇ ಮಾಡಬಹುದಾದ ಉಪಾಯಗಳಲ್ಲಿ ನಿಜಕ್ಕೂ ಹೆಚ್ಚು ಅಂಕ ಪಡೆಯುವುದು ಉಪ್ಪುನೀರು. ಯೋಗದಲ್ಲಿ ಜಲನೇತಿ ಎನ್ನುವುದು ಇದನ್ನೇ. ಕಾಲು ಲೀಟರ್ ನೀರಿಗೆ ಅರ್ಧ ಚಹಾ ಚಮಚಕ್ಕೂ ತುಸು ಕಡಿಮೆ ಉಪ್ಪು ಸಾಕು. ಮೂಗಿಗೆ ಅಂಟಿದ ಪರಾಗ, ಧೂಳು ತೊಳೆದುಹೋಗುತ್ತದೆ. ಆದರೆ ನೀರು ಚೆನ್ನಾಗಿ ಕುದಿಸಿ ಆರಿಸಿದ್ದೇ ಆಗಿರಬೇಕು. 2011ರಲ್ಲಿ ಅಮೆರಿಕದ ಲೂಸಿಯಾನದಲ್ಲಿ ನಲ್ಲಿಯ ನೀರನ್ನು ಹಾಗೆಯೇ ನೇತಿಗೆ ಬಳಸಿದ ಇಬ್ಬರು, ಮೆದುಳಿಗೆ ಹೊಕ್ಕ ಅಮೀಬಾದಿಂದ ಸತ್ತರು. ಮೊದಲ ಸಲ ಬಲ್ಲವರಿಂದ ಕಲಿತು ಮಾಡಿ.

ಗಿಡದಿಂದ ಇನ್‌ಹೇಲರಿಗೆ

ಗಿಡಮೂಲಿಕೆ ಬೇರೆ, ಇಂಗ್ಲಿಷ್ ಔಷಧ ಬೇರೆ ಎಂದು ನಾವು ಗೋಡೆ ಕಟ್ಟಿಕೊಂಡಿದ್ದೇವೆ. ವಿದ್ಯಾರ್ಥಿಗಳು ಈ ಕಥೆ ಕೇಳಬೇಕು. ಈಜಿಪ್ಟಿನ ಸುತ್ತಮುತ್ತ ಬೆಳೆಯುವ, ಜೀರಿಗೆಯ ಕುಟುಂಬಕ್ಕೇ ಸೇರಿದ ಗಿಡವೊಂದಿದೆ. ಅದರ ಬೀಜದ ಕಷಾಯವನ್ನು ಅಲ್ಲಿನ ಜನ ಮೂತ್ರಕೋಶದ ನೋವಿಗೆ ಕುಡಿಯುತ್ತಿದ್ದರು. ಅದರಲ್ಲಿದ್ದ ಕೆಲ್ಲಿನ್ ಎಂಬ ವಸ್ತು ಶ್ವಾಸನಾಳವನ್ನೂ ಸಡಿಲಿಸುತ್ತದೆ, ಆದರೆ ವಾಕರಿಕೆ ತರುತ್ತದೆ. ಬ್ರಿಟನ್ನಿನಲ್ಲಿ ರೋಜರ್ ಆಲ್ಟುನ್ಯನ್ ಎಂಬ ವೈದ್ಯರಿದ್ದರು. ಸ್ವತಃ ಉಬ್ಬಸ ರೋಗಿ. ಗಿನಿಯಿಲಿಯ ಹೊಟ್ಟು ಮೂಗಿಗೆ ಹೋದರೆ ಅವರಿಗೆ ಉಬ್ಬಸ. ರಸಾಯನಜ್ಞರು ಕೆಲ್ಲಿನ್ ಮಾದರಿಯಲ್ಲಿ ತಯಾರಿಸಿದ ವಸ್ತುಗಳನ್ನು ಒಂದೊಂದಾಗಿ ಸೇದಿ, ಬೇಕೆಂದೇ ತಮಗೆ ಉಬ್ಬಸ ಬರಿಸಿಕೊಂಡು, ಯಾವುದು ತಡೆಯುತ್ತದೆಂದು ಅವರು ವರ್ಷಗಟ್ಟಲೆ ಅಳೆದರು. ಹೀಗೆ 1965ರಲ್ಲಿ ಸಿಕ್ಕಿದ್ದು ಕ್ರೋಮೊಗ್ಲಿಕೇಟ್. ಮಾಸ್ಟ್ ಕೋಶ ಹಿಸ್ಟಮೀನ್ ಚೆಲ್ಲದಂತೆ ತಡೆಯುವ ಈ ಔಷಧ ಇಂದಿಗೂ ಅಲರ್ಜಿಯ ಕಣ್ಣಿನ ಹನಿಗಳಲ್ಲಿದೆ.

ಗಿಡದಲ್ಲಿ ಗುಣವಿದೆ, ನಿಜ. ಎಷ್ಟು, ಯಾವ ಪ್ರಮಾಣದಲ್ಲಿ, ಯಾವ ದೋಷದೊಡನೆ ಎಂಬುದನ್ನು ಅಳೆದು ತಿಳಿದಾಗಲೇ ಅದು ನಂಬಬಹುದಾದ ಮದ್ದಾಗುವುದು. ಇದೇ ಕಾರಣಕ್ಕೆ ಲೇಬಲ್ ಇಲ್ಲದ ಪುಡಿ, ಗುಳಿಗೆಗಳ ಬಗ್ಗೆ ಎಚ್ಚರ. 'ಗಿಡಮೂಲಿಕೆ' ಎಂದು ಕೊಟ್ಟದ್ದರಲ್ಲಿ ಸ್ಟೀರಾಯ್ಡ್ ಬೆರೆಸಿರುವುದು ಎಷ್ಟೋ ಸಲ ಪತ್ತೆಯಾಗಿದೆ. ಎರಡೇ ದಿನದಲ್ಲಿ ಹಳೆಯ ಉಬ್ಬಸ ಮಾಯವಾಯಿತೆಂದರೆ ಸಂತೋಷಪಡುವ ಮೊದಲು ಅನುಮಾನಪಡಿ.

ಊಟದಲ್ಲಿ ಏನು ಬಿಡಬೇಕು?

'ಬಾಳೆಹಣ್ಣು ಶೀತ, ಮೊಸರು ಶೀತ, ಕಿತ್ತಳೆ ಶೀತ' ಎಂದು ಒಂದೊಂದಾಗಿ ಬಿಡಿಸಿ, ಕೊನೆಗೆ ಮಗುವಿನ ತಟ್ಟೆಯಲ್ಲಿ ಅನ್ನ ಸಾರು ಮಾತ್ರ ಉಳಿದ ಮನೆಗಳನ್ನು ಕಂಡಿದ್ದೇನೆ. ಪರಾಗ, ನುಸಿಗಳ ಅಲರ್ಜಿಗೆ ಹಾಲು, ಮೊಸರು, ಬಾಳೆಹಣ್ಣು ಕಾರಣವಲ್ಲ. ಬೆಳೆಯುವ ಮಗುವಿಗೆ ಅವು ಬೇಕು. ಒಂದು ಪದಾರ್ಥ ತಿಂದಾಗಲೆಲ್ಲ ತುಟಿ ಊದುವುದು, ಗಂಧೆ ಏಳುವುದು, ವಾಂತಿ ಆಗುವುದಾದರೆ ಅದು ಆಹಾರದ ಅಲರ್ಜಿ. ಅದಕ್ಕೆ ವೈದ್ಯರ ಪರೀಕ್ಷೆಯೇ ಬೇಕು.

ಸೊಪ್ಪು, ತರಕಾರಿ, ಆಯಾ ಕಾಲದ ಹಣ್ಣು, ಬೇಳೆ, ಸಾಕಷ್ಟು ನೀರು ಇರಲಿ. ಇವು ಅಲರ್ಜಿಯನ್ನು ಓಡಿಸುತ್ತವೆಂದಲ್ಲ, ಮಗುವನ್ನು ಗಟ್ಟಿಯಾಗಿಡುತ್ತವೆ. ಗಮನಿಸಬೇಕಾದ ಇನ್ನೊಂದು ಸಂಗತಿ: ಸೇವಂತಿಗೆ, ಸೂರ್ಯಕಾಂತಿ, ಗರುಗದ ಸೊಪ್ಪು ಎಲ್ಲವೂ ಪಾರ್ಥೇನಿಯಂನ ಕುಟುಂಬದವೇ. ಪಾರ್ಥೇನಿಯಂ ಒಗ್ಗದವರಿಗೆ ಈ ನೆಂಟರಲ್ಲಿ ಕೆಲವು ಒಗ್ಗದಿರಬಹುದು. ಅಂಥವರು ಈ ಜಾತಿಯ ಮೂಲಿಕೆ ಬಳಸುವಾಗ ಎಚ್ಚರವಿರಲಿ.

ಮನೆಯ ರೂಢಿ ಬದಲಾಗಲಿ

ಕಾರಣವನ್ನು ದೂರವಿಡುವುದೇ ಅರ್ಧ ಚಿಕಿತ್ಸೆ. ಇದರಲ್ಲಿ ನಮ್ಮ ಅಜ್ಜಿಯರು ಜಾಣರಿದ್ದರು. ವಾರಕ್ಕೊಮ್ಮೆ ಹಾಸಿಗೆ, ದಿಂಬು ಬಿಸಿಲಿಗೆ ಹಾಕುತ್ತಿದ್ದರು. ನುಸಿಗೆ ಗಾಳಿಯ ತೇವವೇ ನೀರು. ಬಿಸಿಲಿಗೆ ಒಣಗಿದ ಹಾಸಿಗೆಯಲ್ಲಿ ಅದು ಬದುಕುವುದು ಕಷ್ಟ. ಹೊದಿಕೆ, ದಿಂಬಿನ ಚೀಲಗಳನ್ನು ವಾರಕ್ಕೊಮ್ಮೆ 60 ಡಿಗ್ರಿಯಷ್ಟು ಬಿಸಿನೀರಿನಲ್ಲಿ ನೆನೆಸಿ ಒಗೆಯಿರಿ. ಹಾಸಿಗೆ ಕೊಡವುವಾಗ, ಅಟ್ಟದಿಂದ ಹಳೆಯ ಪುಸ್ತಕ ಇಳಿಸುವಾಗ, ಹಬ್ಬಕ್ಕೆ ಧೂಳು ಹೊಡೆಯುವಾಗ ಅಲರ್ಜಿಯ ಮಗು ಹೊರಗಿರಲಿ. ಒಣ ಪೊರಕೆಯಿಂದ ಗುಡಿಸಿದರೆ ಧೂಳು ಏಳುತ್ತದೆ, ಒದ್ದೆ ಬಟ್ಟೆಯಿಂದ ಒರೆಸಿದರೆ ಕೂರುತ್ತದೆ.

ಬಚ್ಚಲಿನ, ಮಂಚದ ಹಿಂದಿನ ಗೋಡೆಯ ಬೂಷ್ಟು ತೆಗೆಸಿ. ಸೊಳ್ಳೆ ಬತ್ತಿಯ ಬದಲು ಸೊಳ್ಳೆ ಪರದೆ ಕಟ್ಟಿ. ಮನೆಯೊಳಗೆ ಯಾರೂ ಬೀಡಿ, ಸಿಗರೇಟು ಸೇದದಿರಲಿ. ಪರಾಗದ ದಿನಗಳಲ್ಲಿ ಹೊರಗೆ ಹೋಗುವಾಗ ಮಾಸ್ಕ್ ಹಾಕಿ, ಬಂದ ಕೂಡಲೇ ಮುಖ ತೊಳೆದು ಬಟ್ಟೆ ಬದಲಿಸಿ. ನಿದ್ದೆಗೆಡಬೇಡಿ.

ನಗರದಲ್ಲಿ ವಾಹನದ ಹೊಗೆಯೂ ಸೇರುತ್ತದೆ. ಬೆಂಗಳೂರಿನಲ್ಲಿ ತಮ್ಮ ಆಸ್ಪತ್ರೆಗೆ ಬಂದ 20,000 ಮಕ್ಕಳನ್ನು ಎರಡು ದಶಕಗಳ ಕಾಲ ಗಮನಿಸಿದ ಮಕ್ಕಳ ತಜ್ಞ ಡಾ. ಎಚ್. ಪರಮೇಶ್, ಅವರಲ್ಲಿ ಉಬ್ಬಸವಿದ್ದವರ ಪ್ರಮಾಣ 1979ರಲ್ಲಿ ಶೇ. 9 ಇದ್ದದ್ದು 1999ಕ್ಕೆ ಶೇ. 29.5ಕ್ಕೆ ಏರಿತೆಂದು ದಾಖಲಿಸಿದ್ದಾರೆ.

ಪರೀಕ್ಷೆಯ ದಿನದ ಮಾತ್ರೆ

ಸೀನು ನಿಲ್ಲಲೆಂದು ಪರೀಕ್ಷೆಯ ಬೆಳಿಗ್ಗೆ ಹಳೆಯ ಮಾದರಿಯ ಅಲರ್ಜಿ ಮಾತ್ರೆ ನುಂಗಿ, ಕೊಠಡಿಯಲ್ಲಿ ತೂಕಡಿಸಿದ ಮಕ್ಕಳನ್ನು ಕಂಡಿದ್ದೇನೆ. ಬ್ರಿಟನ್ನಿನಲ್ಲಿ 15ರಿಂದ 17 ವಯಸ್ಸಿನ ಸುಮಾರು 1,800 ವಿದ್ಯಾರ್ಥಿಗಳನ್ನು ಗಮನಿಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನ ಹೇಳಿದ್ದೂ ಇದನ್ನೇ. ಪರೀಕ್ಷೆಯ ದಿನಗಳಲ್ಲಿ ಪರಾಗದ ಅಲರ್ಜಿ ಕಾಡಿದವರ ಶ್ರೇಣಿ ಇಳಿಯುವ ಸಂಭವ ಹೆಚ್ಚು, ನಿದ್ದೆ ಬರಿಸುವ ಮಾತ್ರೆ ತೆಗೆದುಕೊಂಡವರಲ್ಲಿ ಇನ್ನೂ ಹೆಚ್ಚು. ನಿದ್ದೆ ಬರಿಸದ ಮಾತ್ರೆಗಳೂ ಮೂಗಿನ ಸ್ಪ್ರೇಗಳೂ ಈಗ ಇವೆ. ಸ್ಪ್ರೇ ಪೂರ್ತಿ ಫಲ ಕೊಡಲು ಕೆಲವು ದಿನ ಬೇಕು. ಆದ್ದರಿಂದ ಪರೀಕ್ಷೆಗೆ ಒಂದು ತಿಂಗಳಾದರೂ ಮೊದಲೇ ವೈದ್ಯರನ್ನು ಕಾಣಿ, ಹಿಂದಿನ ದಿನವಲ್ಲ.

ಇನ್‌ಹೇಲರ್ ಅಭ್ಯಾಸವಾಗುತ್ತದೆಂಬ ನನ್ನ ಹಳೆಯ ಮಾತಿಗೆ ಉತ್ತರ ಲೆಕ್ಕದಲ್ಲಿದೆ. ಉಬ್ಬಸ ಸಡಿಲಿಸುವ ಸಾಲ್ಬುಟಮಾಲ್ ಮಾತ್ರೆಯಲ್ಲಿ ಇರುವುದು 2ರಿಂದ 4 ಮಿಲಿಗ್ರಾಂ. ಇನ್‌ಹೇಲರಿನ ಒಂದು ಎಳೆತದಲ್ಲಿ ಬರುವುದು 100 ಮೈಕ್ರೋಗ್ರಾಂ, ಅಂದರೆ ಅದರ 20 ಅಥವಾ 40ರಲ್ಲಿ ಒಂದು ಪಾಲು. ಬೇಕಾದ ಜಾಗಕ್ಕೇ ನೇರ ಹೋಗುವುದರಿಂದ ಅಷ್ಟು ಸಾಕು. ಚಟ ಹಿಡಿಸುವ ಗುಣ ಅದಕ್ಕಿಲ್ಲ. ಉಬ್ಬಸವನ್ನು ತಡೆಯುವ ಇನ್‌ಹೇಲರ್ ಬೇರೆಯೇ ಇದೆ. ಮಗುವಿಗೆ ಯಾವುದು, ಎಷ್ಟು ದಿನ ಎಂಬುದನ್ನು ವೈದ್ಯರು ನಿರ್ಧರಿಸಬೇಕು. ಅದನ್ನು ನಿಲ್ಲಿಸುವುದನ್ನೂ ಅವರೇ ಹೇಳಬೇಕು, ಮೇಷ್ಟ್ರಲ್ಲ.

ಮಗುವಿಗೆ ಒಂದು ವಾಕ್ಯ ಪೂರ್ತಿ ಹೇಳಲು ಉಸಿರು ಸಾಲದಿದ್ದರೆ, ಉಸಿರೆಳೆದಾಗ ಪಕ್ಕೆಲುಬುಗಳ ನಡುವೆ ಗುಳಿ ಬೀಳುತ್ತಿದ್ದರೆ, ತುಟಿ ನೀಲಿಗಟ್ಟಿದರೆ ಕಷಾಯ ಕುದಿಸುತ್ತ ಕೂರಬೇಡಿ. ವೈದ್ಯರು ಬರೆದುಕೊಟ್ಟ ಇನ್‌ಹೇಲರ್ ಇದ್ದರೆ ಕೊಡುತ್ತ ಕೂಡಲೇ ಆಸ್ಪತ್ರೆಗೆ ಹೊರಡಿ.

ಸೀನಿನ ಪುಸ್ತಕ

ಆಸ್ಪತ್ರೆಯಿಂದ ಮರಳಿದ ಹುಡುಗನಿಗೆ ವೈದ್ಯರ ಚಿಕಿತ್ಸೆ ಕ್ರಮವಾಗಿ ಶುರುವಾಯಿತು. ನಾನು ಅವನಿಗೊಂದು ನೂರು ಪುಟದ ನೋಟ್ ಪುಸ್ತಕ ಕೊಟ್ಟೆ. ದಿನಾಂಕ, ಹೊತ್ತು, ಎಲ್ಲಿದ್ದೆ, ಎಷ್ಟು ಸೀನು, ಉಬ್ಬಸ ಇತ್ತೇ, ಏನು ತಿಂದೆ, ಯಾವ ಔಷಧ ಎಂದು ಅಂಕಣ ಹಾಕಿಸಿದೆ. ಹೊಸದಾಗಿ ಏನಾದರೂ ಬದಲಿಸುವುದಾದರೆ ಒಂದು ಸಲಕ್ಕೆ ಒಂದೇ, ಅದೂ ಎರಡು ವಾರ. ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ಫಲ ಯಾವುದರದೆಂದು ಹೇಗೆ ತಿಳಿದೀತು? ಕಿಟಕಿಯ ಹೊರಗೆ ವ್ಯಾಸಲೀನ್ ಸವರಿದ ಗಾಜಿನ ಫಲಕ ಇಟ್ಟು, ಮರುದಿನ ಶಾಲೆಯ ಸೂಕ್ಷ್ಮದರ್ಶಕದಲ್ಲಿ ಪರಾಗ ನೋಡಿದೆವು. ಮ್ಯಾಂಚೆಸ್ಟರಿನ ವೈದ್ಯ ಚಾರ್ಲ್ಸ್ ಬ್ಲ್ಯಾಕ್ಲಿ ಅಂಟು ಸವರಿದ ಗಾಜುಗಳಲ್ಲಿ ಪರಾಗ ಎಣಿಸಿ, ತಮ್ಮ ಸೀನಿಗೆ ಹುಲ್ಲಿನ ಪರಾಗವೇ ಕಾರಣವೆಂದು 1873ರಲ್ಲಿ ಸಾಧಿಸಿದ್ದರು. ಅವರು ಗಾಳಿಪಟಕ್ಕೂ ಗಾಜು ಕಟ್ಟಿ ಹಾರಿಸಿದ್ದರೆಂದು ಹೇಳಿದಾಗ ಇಡೀ ತರಗತಿ ಕಣ್ಣರಳಿಸಿತು.

ಎರಡು ತಿಂಗಳಲ್ಲಿ ಪುಸ್ತಕವೇ ಮಾತಾಡಿತು. ಪಾರ್ಥೇನಿಯಂ ಒಣಗಿದ ಮೇಲೂ ಬೆಳಿಗ್ಗೆ ಏಳುವಾಗಿನ ಸೀನು ನಿಂತಿರಲಿಲ್ಲ. ಆದರೆ ಅಜ್ಜಿಯ ಊರಿಗೆ ಹೋದ ದಿನಗಳಲ್ಲಿ ಸೀನಿನ ಅಂಕಣ ಖಾಲಿ. ಅಲ್ಲಿ ಅವನು ಮಲಗುತ್ತಿದ್ದುದು ಚಾಪೆಯ ಮೇಲೆ. ಮನೆಯಲ್ಲಿದ್ದುದು ವರ್ಷಗಳಿಂದ ಬಿಸಿಲು ಕಾಣದ ಹತ್ತಿಯ ಹಾಸಿಗೆ. ಮೊಸರು ತಿಂದ ದಿನಕ್ಕೂ ಬಿಟ್ಟ ದಿನಕ್ಕೂ ವ್ಯತ್ಯಾಸವೇ ಇರಲಿಲ್ಲ. ಅವರಮ್ಮ ಹಾಸಿಗೆ ತೆಗೆಸಿದರು, ಮೊಸರು ಮತ್ತೆ ತಟ್ಟೆಗೆ ಬಂತು. ವೈದ್ಯರೂ ಆ ಪುಸ್ತಕ ನೋಡಿ ಔಷಧದ ಪ್ರಮಾಣ ಇಳಿಸಿದರು.

ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿದ ಮೇಲೆ ಹುಡುಗ ಪುಸ್ತಕ ತಂದು ನನ್ನ ಕೈಗಿತ್ತ. ಗಣಿತ ಪರೀಕ್ಷೆಯ ದಿನದ ಸಾಲು ನೋಡಿದೆ. ಸೀನು: ಎರಡು. ಉಬ್ಬಸ: ಇಲ್ಲ. ಔಷಧ: ಇನ್‌ಹೇಲರ್, ವೈದ್ಯರು ಹೇಳಿದಂತೆ. ಕೊನೆಯ ಅಂಕಣದಲ್ಲಿ ಬರೆದಿದ್ದ: 'ಅಮ್ಮ ಶುಂಠಿ ಕಷಾಯ ಕೊಟ್ಟರು. ಚೆನ್ನಾಗಿತ್ತು.'

ಕಷಾಯದ ಜಾಗ ಅದೇ. ಅದು ಅಲ್ಲಿರಲಿ.